ಇಳಿದ ಗೆರೆಯನ್ನು ನಂಬಿದ ಕುರಿಹಟ್ಟಿ

ನನ್ನ ತಮ್ಮ ಕುರಿ ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬ ಮಾತು ಕೆಲವು ವರ್ಷ ನಮ್ಮ ಮನೆಯಲ್ಲಿ ಕೂತರೂ ಇತ್ತು, ಎದ್ದರೂ ಇತ್ತು. ಅವನಿರುವುದು ಘೋಡಗೇರಿಯ ಹತ್ತಿರ. ಅಪ್ಪನಿಂದ ಬಂದ ಕರಿ ಕುರಿಗಳ ಹಿಂಡು ಅವನದು. ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಅಪ್ಪನಿಂದ ನನಗೆ ಬಂದದ್ದು ಸಿಟ್ಟು ಮಾತ್ರ. ಹಂಚಿಕೆಯಲ್ಲಿ ಯಾರಿಗೂ ಮೋಸವಾಗಲಿಲ್ಲ ಎಂದು ಅವ್ವ ಇದ್ದಾಗ ಹೇಳಿ ನಗುತ್ತಿದ್ದಳು.

ಮಾರಬೇಕು ಎನ್ನುವವಳು ತಮ್ಮನ ಹೆಂಡತಿ. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಳೆ ಬರಬೇಕಾದಾಗ ಬಾರದೆ, ಕುರಿ ಮರಿ ಹಾಕುವ ಹೊತ್ತು ನೋಡಿಕೊಂಡು ಬಂದು ಸುರಿಯುತ್ತಿತ್ತು. ಬೇಸಿಗೆಯಲ್ಲಿ ಕುರಿಗಳು ಮೇಯುವುದನ್ನೇ ಬಿಟ್ಟು, ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ತೂರಿಸಿಕೊಂಡು ಹಗಲೆಲ್ಲ ನಿಂತುಬಿಡುತ್ತಿದ್ದವು. ಹಿಂಡು ವರ್ಷ ವರ್ಷ ಕರಗುತ್ತಿತ್ತು. ಇನ್ನೂ ಕೊಳ್ಳುವವರು ಬರುತ್ತಿರುವಾಗಲೇ ಕೊಟ್ಟುಬಿಡೋಣ ಎಂದು ಅವಳು ಹೇಳುವುದು, ಅವನು ಕಂಬಳಿ ಕೊಡವಿ ಎದ್ದು ಹೋಗುವುದು. ನಾನು ಹೋದಾಗಲೆಲ್ಲ ನನ್ನ ಮುಂದೆ ದೂರು.

"ಅಕ್ಕಾರ, ನೀವರ ಒಂದ್ ಮಾತು ಹೇಳ್ರಿ. ನಾ ಹೇಳಿದ್ದು ಇವ್ರ ಕಿವ್ಯಾಗ ಹೋಗಂಗಿಲ್ಲ."

ನಾನು ಹೇಳುತ್ತಿರಲಿಲ್ಲ. ಕುರಿ ಬಿಟ್ಟರೆ ಅವನಿಗೆ ಬೇರೆ ಏನೂ ಬಾರದು. ಸಾಲೆಯ ಮೆಟ್ಟಿಲು ಹತ್ತಿದ್ದೂ ಅಷ್ಟಕ್ಕಷ್ಟೆ. ಆದರೆ ಕತ್ತಲಲ್ಲಿ ಕೆಮ್ಮಿದ ಕುರಿ ಯಾವುದೆಂದು ಕೆಮ್ಮಿನ ಮೇಲೆಯೇ ಹೇಳುತ್ತಿದ್ದ. ಆ ಹಿಂಡು ಹೋದರೆ ಅವನು ಏನಾಗುತ್ತಾನೆ ಎಂದು ಯೋಚಿಸಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಇನ್ನು ನನ್ನ ಕೆಲಸದ ಮಾತು. ಹವಾಮಾನದ ಪಾಠ ಬಂದಾಗ ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ದೇಶದೇಶಗಳ ಗೆರೆ ಎಳೆಯುತ್ತೇನೆ. ಯಾವ ದೇಶ ವರ್ಷಕ್ಕೆ ಎಷ್ಟು ಇಂಗಾಲದ ಡೈಆಕ್ಸೈಡನ್ನು ಆಕಾಶಕ್ಕೆ ಬಿಟ್ಟಿತು, ಅದು ಏರಿತೋ ಇಳಿಯಿತೋ ಎಂಬುದರ ಗೆರೆ. ಬ್ರಿಟನ್ನಿನದು ಎಲ್ಲರಿಗಿಂತ ಮೊದಲು ಎದ್ದದ್ದು, ಈಗ ಇಳಿಯುತ್ತಿದೆ. ಅಮೆರಿಕದ್ದು ಮೇಲೆ ಹೋಗಿ, ಅಲ್ಲೇ ಬಹಳ ಕಾಲ ಠಿಕಾಣಿ ಹೂಡಿ, ಈಗ ಒಲ್ಲದ ಮನಸ್ಸಿನಿಂದ ಕೆಳಗೆ ಬರುತ್ತಿದೆ. ಚೀನಾದ್ದು ನಾನು ಕೆಲಸಕ್ಕೆ ಸೇರಿದ ಆಸುಪಾಸಿನಲ್ಲಿ ನೆಟ್ಟಗೆ ಎದ್ದು ಎಲ್ಲರ ತಲೆಯ ಮೇಲೆ ಹೋಗಿ ಕೂತಿತು. ನಮ್ಮದು ಏರುತ್ತಲೇ ಇದೆ. ಕೊರೊನಾ ವರ್ಷ ಚೀನಾದ್ದೊಂದು ಬಿಟ್ಟು ಉಳಿದ ಗೆರೆಗಳು ಒಮ್ಮೆ ತಗ್ಗಿದವು, ಮರುವರ್ಷ ಏನೂ ಆಗದವರಂತೆ ಎದ್ದು ನಿಂತವು.

ಅದನ್ನೇ ತಲೆ ಲೆಕ್ಕಕ್ಕೆ ಭಾಗಿಸಿ ಇನ್ನೊಂದು ಚಿತ್ರ ಬರೆದರೆ ನಾವು ದಬ್ಬನೆ ಕೆಳಗೆ ಬೀಳುತ್ತೇವೆ. ಎಣ್ಣೆ ತೆಗೆಯುವ ಪುಟ್ಟ ಪುಟ್ಟ ಕೊಲ್ಲಿ ದೇಶಗಳು ತುದಿಗೆ ಏರುತ್ತವೆ. ಹಿಂದಿನಿಂದ ಇಂದಿನವರೆಗಿನದೆಲ್ಲ ಕೂಡಿಸಿದರೆ ಮತ್ತೆ ಅಮೆರಿಕವೇ ಮುಂದೆ. ಮಕ್ಕಳು ಇದನ್ನು ಕ್ರಿಕೆಟ್ಟಿನ ಸ್ಕೋರು ನೋಡಿದಂತೆ ನೋಡುತ್ತಾರೆ. ತಲೆ ಲೆಕ್ಕದ ಚಿತ್ರ ಬಂದ ಕೂಡಲೇ ನಾವೇ ಗೆದ್ದೆವು ಎಂದು ಹಿಂದಿನ ಬೆಂಚಿನಲ್ಲಿ ಚಪ್ಪಾಳೆ ಬೀಳುತ್ತದೆ. ನನಗೆ ಮೈಯೆಲ್ಲ ಉರಿಯುತ್ತದೆ. ಹೊರಗೆ ಬಂದರೆ ಸ್ಟಾಫ್ ರೂಮಿನಲ್ಲಿ ಗಣಿತದ ಮಾಸ್ತರರು ಕಾಯುತ್ತಿರುತ್ತಾರೆ. "ಅಕ್ಕೋರ, ಕುರೀನೂ ಗ್ಯಾಸ್ ಬಿಡತಾವಂತಲ್ರಿ, ನಿಮ್ಮ ತಮ್ಮನ ಗೆರಿ ಯಾವಾಗ ಹಾಕ್ತೀರಿ?" ಅದು ಬೇರೆ ಅನಿಲ, ಅದರ ಲೆಕ್ಕ ಬೇರೆ ಎಂದು ಒಮ್ಮೆ ಬಿಡಿಸಿ ಹೇಳಿದ್ದೆ. ಆಮೇಲೆ ಹೇಳುವುದನ್ನು ಬಿಟ್ಟೆ, ಚಹಾ ಕುಡಿದು ಏಳುತ್ತಿದ್ದೆ.

ಈ ಗೆರೆಗಳು ನನ್ನ ತಮ್ಮನ ಹಟ್ಟಿಗೆ ಹೋದದ್ದು ಒಂದು ಜಗಳದ ದಾರಿಯಿಂದ.

ಸುಗ್ಗಿ ಮುಗಿದ ಮೇಲೆ ಅವನು ಮೂಡಲಗಿ ಕಡೆಯ ಹೊಲಗಳಲ್ಲಿ ಕುರಿ ತರುಬುತ್ತಾನೆ. ಖಾಲಿ ಹೊಲದಲ್ಲಿ ಸುತ್ತ ಬಲೆ ಕಟ್ಟಿ ರಾತ್ರಿ ಹಿಂಡನ್ನು ಅಲ್ಲೇ ಮಲಗಿಸುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಹಿಕ್ಕೆ, ಉಚ್ಚೆ ಬಿದ್ದು ನೆಲಕ್ಕೆ ಗೊಬ್ಬರವಾಗುತ್ತದೆ, ಹೊಲದವರು ಕಾಳುಕಡಿ ಕೊಡುತ್ತಾರೆ. ಆ ವರ್ಷ ಅವನ ಹಿಂಡಿನ ಜೊತೆ ಇನ್ನೆರಡು ಹಿಂಡು ಕೂಡಿಕೊಂಡಿದ್ದವು. ಒಂದು ಭಾನುವಾರ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ ಕಟ್ಟಿಕೊಂಡು ಬಸ್ಸು ಹತ್ತಿ ಹೋದೆ. ಹೋಗಿ ನೋಡಿದರೆ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಹಟ್ಟಿಯಲ್ಲಿ ಪಂಚಾಯಿತಿ ಕೂತಿತ್ತು. ಬೆಳಗಿನಿಂದ ಕುರಿಗಳು ಪಕ್ಕದ ಹೊಲದ ಕಡಲೆಗೆ ನುಗ್ಗಿದ್ದವು.

ಇಂಥದ್ದಕ್ಕೆ ನಮ್ಮವರಲ್ಲಿ ಒಂದು ಪದ್ಧತಿ ಇದೆ. ಕೆಟ್ಟ ಬೆಳೆಗೆ ರೊಕ್ಕ ಕೊಡುವುದಿಲ್ಲ. ಆ ಹೊಲದಲ್ಲಿ ಬಿಟ್ಟಿ ಕುರಿ ತರುಬಿ ತೀರಿಸಬೇಕು. ಹೊಲದ ಯಜಮಾನ ಅದಕ್ಕೆ ಒಪ್ಪಿ ಬೇವಿನ ಮರದ ಕೆಳಗೆ ಕೂತಿದ್ದ. ತಂಟೆ ಇದ್ದದ್ದು ಮೂರು ಹಿಂಡಿನವರ ನಡುವೆ, ಯಾರು ಎಷ್ಟು ರಾತ್ರಿ ತರುಬಬೇಕು ಎಂದು.

"ಹಟ್ಟಿ ಮೂರು, ಪಾಲೂ ಮೂರು. ಅದರಾಗೇನ ಐತಿ?" ಎಂದ ದೊಡ್ಡ ಹಿಂಡಿನವ.

"ಆಹಾ! ನಿನ್ನ ಕುರಿ ಎಷ್ಟ, ನನ್ನ ಕುರಿ ಎಷ್ಟ? ತಲಿ ಎಣಸು ಮೊದಲ," ಎಂದ ನನ್ನ ತಮ್ಮ. ಮೂರರಲ್ಲಿ ಸಣ್ಣ ಹಿಂಡು ಅವನದು.

ಮೂರನೆಯವನು ಕೈ ಅಡ್ಡ ಆಡಿಸಿ, ದೊಡ್ಡ ಹಿಂಡಿನವನ ಕಡೆ ಬೆರಳು ತೋರಿಸಿದ. "ತಲಿಗಿಲಿ ಬ್ಯಾಡ. ನಮ್ಮವು ಈಗ ಹೊಕ್ಕಾವ. ಇವನವು ಮುಂಜಾನಿಂದ ಮೇದಾವ. ಹೊಟ್ಟಿ ತುಂಬ ತಿಂದಾವ್ರು ತೀರಸ್ರಿ."

ನನಗೆ ತಡೆಯಲಾರದಷ್ಟು ನಗು ಬಂತು. ದೇಶಕ್ಕೊಂದು ಪಾಲು, ತಲೆಗೊಂದು ಪಾಲು, ಹಿಂದೆ ತಿಂದದ್ದಕ್ಕೊಂದು ಪಾಲು. ನಾನು ವರ್ಷ ವರ್ಷ ಬೋರ್ಡಿನ ಮೇಲೆ ಬರೆದು ಅಳಿಸುವ ಮೂರೂ ಚಿತ್ರ ಅಲ್ಲಿ ಧೋತರ ಉಟ್ಟು ಕೂತು ಬೈದಾಡುತ್ತಿದ್ದವು. ದೊಡ್ಡ ದೊಡ್ಡ ಊರುಗಳಲ್ಲಿ ಕೋಟು ಹಾಕಿಕೊಂಡವರು ಪ್ರತಿ ವರ್ಷ ಸೇರಿ ಆಡುವ ಜಗಳವೂ ಇದೇ ಎಂದು ಅವರಿಗೆ ಹೇಳಿದೆ. ಹೇಳುತ್ತಿರುವಾಗಲೇ ಹೊಲದ ಯಜಮಾನ ಎದ್ದು ಬಡಿಗೆ ಎಳೆದುಕೊಂಡು ಓಡಿದ. "ಮೊದಲ ಅವನ್ನ ಹೊರಗ ಹಾಕ್ರೋ ಯಪ್ಪಾ!" ತಿರುಗಿ ನೋಡಿದರೆ ಕುರಿಗಳು ಇನ್ನೂ ಕಡಲೆಯಲ್ಲೇ ಇದ್ದವು. ಪಾಲಿನ ಮಾತಿನಲ್ಲಿ ಅವನ್ನು ಹೊರಡಿಸುವುದನ್ನು ಎಲ್ಲರೂ ಮರೆತಿದ್ದರು. ನನ್ನ ನಗು ಅಲ್ಲಿಗೆ ನಿಂತಿತು.

ಊಟಕ್ಕೆ ಕೂತಾಗ ತಮ್ಮ ಬಿಡಲಿಲ್ಲ. ಯಾವ ದೇಶ, ಎಷ್ಟು ಹೊಗೆ, ಅದಕ್ಕೂ ನಮ್ಮ ಮಳೆಗೂ ಏನು ಸಂಬಂಧ ಎಂದು ಕೆದಕಿ ಕೆದಕಿ ಕೇಳಿದ. ಕಲ್ಲಿದ್ದಲು, ಎಣ್ಣೆ ಸುಟ್ಟಾಗ ಕಣ್ಣಿಗೆ ಕಾಣದ ಒಂದು ಗಾಳಿ ಮೇಲೆ ಹೋಗುತ್ತದೆ, ಅದು ಭೂಮಿಯ ಕಾವನ್ನು ಹೊರಗೆ ಬಿಡದ ಹಾಗೆ ಕಂಬಳಿ ಹೊದಿಸಿದಂತೆ ಮಾಡುತ್ತದೆ, ಕಾವು ಹೆಚ್ಚಿದರೆ ಮಳೆಯ ಲಯ ತಪ್ಪುತ್ತದೆ ಎಂದು ನನಗೆ ತಿಳಿದಷ್ಟು ಹೇಳಿದೆ. ಅವನು ರೊಟ್ಟಿ ಕೈಯಲ್ಲೇ ಹಿಡಿದುಕೊಂಡು ಕೇಳಿದ.

"ಅಂದ್ರ ದೊಡ್ಡ ಹಟ್ಟಿ ಯಾರದು?"

"ಈಗ ಚೀನಾದ್ದು. ಹಿಂದಿಂದೂ ಹಿಡದ್ರ ಅಮೆರಿಕಾದ್ದು."

"ನಮ್ಮದು?"

"ನಮ್ಮದೂ ಸಣ್ಣದಲ್ಲ. ತಲಿ ಭಾಳ ಅದಾವು, ತಲಿಗಿ ಬರೂದು ಕಡಿಮಿ."

ಅಂದಿನಿಂದ ಅವನ ಫೋನು ಶುರುವಾಯಿತು. ಕುರಿಗಳ ಹಿಂದೆ ನಡೆಯುತ್ತ, ಗಾಳಿಯ ಸದ್ದಿನ ನಡುವೆ, "ಅಕ್ಕಾ, ದೊಡ್ಡ ಹಟ್ಟಿಯವ್ರು ಏನಂದ್ರು?" ಎನ್ನುತ್ತಿದ್ದ. ಮಕ್ಕಳಿಗೆ ಇಲ್ಲದ ಆಸ್ಥೆ ಅವನಿಗೆ ಬಂದದ್ದು ಕಂಡು ನನಗೆ ಒಳಗೊಳಗೇ ಖುಷಿಯೂ ಆಗುತ್ತಿತ್ತು. ಇರುವವನೊಬ್ಬ ತಮ್ಮ, ಇಷ್ಟು ವರ್ಷದ ಮೇಲೆ ನನ್ನ ಪಾಠಕ್ಕೆ ಕೂತ ಎಂದುಕೊಂಡೆ.

ಮಾಘದ ಕೊನೆಗೆ ಕುರಿಗಳ ಔಷಧಿಗೆಂದು ಗೋಕಾಕಕ್ಕೆ ಬಂದವನು ನಮ್ಮ ಮನೆಗೆ ಬಂದ. ನಾನು ನೆಲದ ಮೇಲೆ ದೊಡ್ಡ ಹಾಳೆ ಹಾಸಿಕೊಂಡು, ಬೋರ್ಡು ಬೇಡವೆಂದು, ಅವೇ ಗೆರೆಗಳನ್ನು ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದೆ. ಅವನು ಮಂಡಿಯೂರಿ ಕೂತು ನೋಡಿದ. ಚಹಾ ಆರುವವರೆಗೂ ನೋಡಿದ. ಬ್ರಿಟನ್ನಿನ ನೀಲಿ ಗೆರೆಯ ಮೇಲೆ ಬೆರಳಿಟ್ಟು ಕೆಳಕ್ಕೆ ಎಳೆದುಕೊಂಡು ಬಂದ.

"ಇದು ಇಳದೈತಲಾ?"

"ಹೂಂ, ಇಳದೈತಿ."

"ಜರ್ಮನಿ? ಇದೂ ಇಳದೈತಿ. ಅಮೆರಿಕಾನೂ ಕೆಳಗ ಮಾರಿ ಮಾಡೇತಿ. ಹೆಂಗ ಇಳಿಸಿದ್ರು ಇವ್ರು?"

"ಕಲ್ಲಿದ್ದಲಾ ಸುಡೂದು ಕಡಿಮಿ ಮಾಡ್ಯಾರ. ಇನ್ನ ಸ್ವಲ್ಪ ಅಂದ್ರ, ಹೊಗಿ ಕಾರೂ ಕಾರಖಾನಿ ಬ್ಯಾರೆ ದೇಶಕ್ಕ ಹೋದ್ವು, ಅಲ್ಲಿ ಮಾಡಿದ ಸಾಮಾನು ಇವ್ರು ತರಿಸಿಕೊಂತಾರ."

ಅವನು ಗಹಗಹಿಸಿ ನಕ್ಕ. "ತಮ್ಮ ಕುರೀನ ಮಂದಿ ಹೊಲಕ್ಕ ಹೊಡದು ಕೈ ತೊಳಕೊಂಡಾರ ಅನ್ನು. ಆದ್ರೂ ಇಳದೈತಿ, ಖರೆ ಅಲಾ?"

ಖರೆ ಎಂದೆ. ಅದು ಖರೆಯೇ ಆಗಿತ್ತು. ಆ ಕ್ಷಣಕ್ಕೆ ಅವನ ಮುಖ ಅರಳಿದ್ದನ್ನು ನೋಡಿ ನಾನು ಇನ್ನೊಂದು ಬಟ್ಟಲು ಬಿಸಿ ಚಹಾ ಮಾಡಿಕೊಟ್ಟೆ. ಔಷಧಿಯ ಚೀಲ ಹೆಗಲಿಗೆ ಹಾಕಿಕೊಂಡು, ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದ ನನ್ನನ್ನು ಮಾತಾಡಿಸುತ್ತ ನಡೆದ.

ಆ ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು. ನವರಾತ್ರಿ ಮುಗಿದು ಚಳಿ ಕಾಲಿಡುವ ಹೊತ್ತಿಗೆ ಕುರಿಗಳು ಮರಿ ಹಾಕತೊಡಗಿದವು. ಹಟ್ಟಿ ಮತ್ತೆ ಮೂಡಲಗಿ ಕಡೆಯ ಎರೆಹೊಲಗಳಲ್ಲಿತ್ತು. ಆಗ ಮಳೆ ಬಂತು. ಮಳೆ ಎಂದರೆ ಸಾಲದು. ಆಕಾಶ ಹಗಲೂ ರಾತ್ರಿ ಬಿಡದೆ ಸುರಿಯಿತು, ಮೇಲೆ ಚಳಿಗಾಳಿ. ಎರೆಮಣ್ಣು ಅಂಟಿನಂತಾಗಿ ಹಿಂಡನ್ನು ಎಬ್ಬಿಸಿಕೊಂಡು ಹೋಗುವ ದಾರಿಯೂ ಇಲ್ಲ, ನಿಲ್ಲಲು ಒಣ ನೆಲವೂ ಇಲ್ಲ.

ತಮ್ಮನ ಹೆಂಡತಿಯ ಫೋನು ಬಂದಾಗ ನಾನು ಕ್ಲಾಸಿನಲ್ಲಿದ್ದೆ. ಅವಳು ಅಳುತ್ತಿದ್ದಳು, ಹಿಂದೆ ಮರಿಗಳ ಸದ್ದು ಕೇಳುತ್ತಿತ್ತು. ರಜೆ ಬರೆದುಕೊಟ್ಟು ಹೊರಟೆ.

ನಾನು ನೋಡಿದ್ದನ್ನು ಹೇಗೆ ಬರೆಯಲಿ? ಹುಟ್ಟಿದ ಮರಿಗಳನ್ನು ಗೋಣಿಚೀಲದ ಮೇಲೆ ಸಾಲಾಗಿ ಮಲಗಿಸಿದ್ದರು. ಬದುಕಿದವು ಯಾವುವು, ಸತ್ತವು ಯಾವುವು ಎಂದು ಮುಟ್ಟಿ ನೋಡಬೇಕಿತ್ತು. ದೊಡ್ಡ ಕುರಿಗಳ ಉಣ್ಣೆ ನೀರು ಕುಡಿದು ಅವುಗಳ ಮೈಮೇಲೆ ಇನ್ನೊಂದು ಕುರಿ ಹೊತ್ತಷ್ಟು ಭಾರವಾಗಿತ್ತು. ಮೊಣಕಾಲೂರಿ ಕೂತವು ಏಳಲಿಲ್ಲ. ತಮ್ಮ ಒಂದೊಂದನ್ನೇ ಎತ್ತಿ ನಿಲ್ಲಿಸುತ್ತಿದ್ದ, ಅವನು ಕೈಬಿಟ್ಟ ಕೂಡಲೇ ಅದು ಮತ್ತೆ ಕೂರುತ್ತಿತ್ತು. ಅವನು ಮತ್ತೆ ಎತ್ತುತ್ತಿದ್ದ. ಬಂದ ದನದ ಡಾಕ್ಟರರು ಸೂಜಿ ಹಾಕಿ ಹಾಕಿ ಸೋತು, "ಅಕ್ಕೋರ, ಪುಪ್ಪುಸಕ್ಕ ಥಂಡಿ ಇಳದೈತ್ರಿ. ಮೈ ಒಣಗಲಾರದ ಯಾವ ಔಷಧಾನೂ ಹತ್ತೂದಿಲ್ಲ," ಎಂದರು. ಒಣಗಿಸುವುದು ಎಲ್ಲಿ? ನಾನು ನನ್ನ ಸೀರೆಯ ಸೆರಗಿನಿಂದ ಒಂದು ಮರಿಯನ್ನು ಒರೆಸುತ್ತ ಕೂತೆ. ಒರೆಸುತ್ತಿರುವಾಗಲೇ ಅದರ ಕುತ್ತಿಗೆ ನನ್ನ ಮೊಣಕೈಯ ಮೇಲೆ ಜೋತುಬಿತ್ತು. ಜೋರಾಗಿ ಅತ್ತೆ, ಡಾಕ್ಟರರ ಮುಂದೆ, ಎಲ್ಲರ ಮುಂದೆ.

ಹಿಂಡಿನಲ್ಲಿ ಅರ್ಧಕ್ಕಿಂತ ಕಡಿಮೆ ಉಳಿಯಿತು.

ಮಳೆ ನಿಂತ ಮೇಲೆ ತಮ್ಮನ ಹೆಂಡತಿ ಒಲೆ ಹೊತ್ತಿಸಲು ಒದ್ದೆ ಕಟ್ಟಿಗೆ ಊದುತ್ತ ಕೂತಿದ್ದಳು. ನಾನು ಪಕ್ಕಕ್ಕೆ ಹೋಗಿ ಕೂತೆ. ಅವಳು ನನ್ನ ಮುಖ ನೋಡದೆ ಹೇಳಿದಳು.

"ಬ್ಯಾಸಗ್ಯಾಗ ಕೊಳ್ಳಾಂವ ಮನೀ ತನಕಾ ಬಂದಿದ್ದ ಅಕ್ಕಾರ. ಇಡೀ ಹಿಂಡು ಹೊಡಕೊಂಡು ಹೊಕ್ಕೇನಿ ಅಂದ. ನಾ ಕಾಲಿಗಿ ಬಿದ್ದು ಹೇಳಿದ್ನಿ. ಇವ್ರು ಒಲ್ಲೆ ಅಂದ್ರು."

"ಯಾಕ?"

"ಅಕ್ಕ ತೋರಸ್ಯಾಳ ಅಂದ್ರು. ದೊಡ್ಡ ಹಟ್ಟಿಯವ್ರು ಕುರಿ ಕಡಿಮಿ ಮಾಡಾಕತ್ತಾರ, ಹುಲ್ಲು ಚಿಗ್ಯಾಕ ಎಷ್ಟೊತ್ತು ಬೇಕು, ಒಂದೆರಡ ವರ್ಷ ತಡದ್ರ ಹವಾ ದಾರಿಗಿ ಬರತೈತಿ ಅಂದ್ರು."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಕುರುಬನ ಲೆಕ್ಕ ಅದು, ಅವನ ಹುಟ್ಟಿನಿಂದ ಬಂದದ್ದು. ಹೊಲದಿಂದ ಕುರಿ ಹೊರಟರೆ ಹುಲ್ಲು ತಾನಾಗಿ ಚಿಗುರುತ್ತದೆ. ಮೇಯುವ ಬಾಯಿ ಕಡಿಮೆಯಾದಷ್ಟೂ ನೆಲ ಬೇಗ ಹಸಿರಾಗುತ್ತದೆ. ಅವನು ಹುಟ್ಟಿದಾಗಿನಿಂದ ಕಂಡದ್ದು ಇಷ್ಟೆ, ಇದು ಒಮ್ಮೆಯೂ ಸುಳ್ಳಾಗಿಲ್ಲ. ದೇಶಗಳ ಗೆರೆ ಇಳಿದದ್ದನ್ನು ಕಂಡು, ಆಕಾಶವೂ ಹೊಲದಂತೆ ಚಿಗುರುತ್ತದೆ ಎಂದು ತಿಳಿದ. ಯಾರನ್ನೂ ಕೇಳಬೇಕು ಎನಿಸಲಿಲ್ಲ, ಏಕೆಂದರೆ ಅದರಲ್ಲಿ ಕೇಳುವಂಥದ್ದೇನೂ ಅವನಿಗೆ ಕಾಣಲಿಲ್ಲ.

ಈ ಮಳೆ ಆ ಹೊಗೆಯದೇ ಎಂದು ಯಾವ ವಿಜ್ಞಾನಿಯೂ ಎದೆ ತಟ್ಟಿ ಹೇಳಲಾರ. ಒಂದು ಮಳೆಗೆ ಒಂದು ಚಿಮಣಿಯನ್ನು ಗಂಟು ಹಾಕಬೇಡಿ ಎಂದು ಮಕ್ಕಳಿಗೆ ನಾನೇ ಕಲಿಸುತ್ತೇನೆ. ಇಂಥ ಮಳೆ ಇನ್ನು ಮುಂದೆ ಪದೇ ಪದೇ ಬರಬಹುದು ಎಂದಷ್ಟೇ ಹೇಳಬಹುದು. ಆದರೆ ಸತ್ತ ಮರಿಗಳನ್ನು ಹೂಳಲು ತಗ್ಗು ತೋಡುತ್ತಿದ್ದ ತಮ್ಮನ ಬೆನ್ನು ನೋಡುತ್ತ ನಿಂತಾಗ ಆ ಎಚ್ಚರಿಕೆಯ ಮಾತುಗಳ ಮೇಲೆ ನನಗೆ ಹೇಸಿಗೆ ಬಂತು. ಟಿವಿಯಲ್ಲಿ ಬಂದು ನಮ್ಮ ಗೆರೆ ಇಳಿಯುತ್ತಿದೆ ನೋಡಿ ಎಂದು ಹಲ್ಲು ಕಿರಿಯುವವರ ಮೇಲೆ, ನಮ್ಮದು ತಲೆಗೆ ಕಡಿಮೆಯೇ ಎಂದು ಎದೆ ಉಬ್ಬಿಸುವವರ ಮೇಲೆ, ಇಬ್ಬರ ಮೇಲೂ ಹೇಸಿಗೆ ಬಂತು. ಯಾರನ್ನು ಬೈಯಲಿ? ಬೈದರೆ ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿ ಅವರಲ್ಲಿ ಒಬ್ಬರೂ ಇರಲಿಲ್ಲ.

ಉಳಿದ ಕುರಿಗಳನ್ನು ಅವನು ನಿಧಾನಕ್ಕೆ ಹೊಡೆದುಕೊಂಡು ಧುಪದಾಳದ ಕಡೆಗೆ ತಂದ. ಅಲ್ಲಿ ನೀರೂ ಇತ್ತು, ದಂಡೆಯಲ್ಲಿ ಒಂದಿಷ್ಟು ಒಣ ನೆಲವೂ ಇತ್ತು. ಮುಂದಿನ ಭಾನುವಾರ ನಾನು ಅಲ್ಲಿಗೆ ಹೋದೆ. ಹೇಳಲೇಬೇಕಿತ್ತು. ಹೇಳದಿದ್ದರೆ ಉಳಿದವನ್ನೂ ಅದೇ ಭರವಸೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದ. ನದಿಗೆ ಕಟ್ಟಿದ ಒಡ್ಡಿನ ಹತ್ತಿರ ಇಬ್ಬರೂ ಕೂತೆವು. ಕುರಿಗಳು ಕೆಳಗೆ ಮೇಯುತ್ತಿದ್ದವು, ನಡುನಡುವೆ ಕೆಮ್ಮುತ್ತಿದ್ದವು.

"ತಮ್ಮಾ, ಈ ಒಡ್ಡಿನ ಬಾಗಲಾ ಎಲ್ಲಾ ಮುಚ್ಯಾರ ಅನ್ಕೋ. ಮ್ಯಾಲಿಂದ ಬರೂ ನೀರು ಅರ್ಧ ಆತು. ಒಡ್ಡಿನ್ಯಾಗ ನೀರು ಇಳೀತೈತೋ, ಏರತೈತೋ?"

ಅವನು ಇದೇನು ಹುಚ್ಚು ಪ್ರಶ್ನೆ ಎಂಬಂತೆ ನೋಡಿದ. "ಏರತೈತಿ. ಹಗೂರಕ ಏರತೈತಿ ಅಷ್ಟ. ಬರೂದು ನಿಂತಿಲ್ಲಲಾ."

"ಆ ಗೆರಿ ಬರೂ ನೀರಿನ ಗೆರಿ. ಒಡ್ಡಿನ್ಯಾಗ ನಿಂತ ನೀರಿಂದಲ್ಲ. ಆ ದೇಶದವ್ರು ಹೊಗಿ ಬಿಡೂದು ಕಡಿಮಿ ಮಾಡ್ಯಾರ, ನಿಲ್ಲಿಸಿಲ್ಲ. ಅವ್ರು ಇಳಿಸಿದ್ದಕ್ಕಿಂತ ಹೆಚ್ಚು ಉಳದವ್ರು ಏರಿಸ್ಯಾರ. ಎಲ್ಲಾರದೂ ಕೂಡಿ ಮ್ಯಾಲಿನ ಒಡ್ಡು ತುಂಬಾಕತ್ತೈತಿ. ಹುಲ್ಲಿನಂಗ ಅಲ್ಲ ಅದು. ಮ್ಯಾಲ ಹೋದದ್ದು ಭಾಳ ಕಾಲ ಅಲ್ಲೇ ಇರತೈತಿ. ನಮ್ಮ ಮುತ್ತಜ್ಜನ ಕಾಲಕ್ಕ ಸುಟ್ಟದ್ದೂ ಒಂದಿಷ್ಟು ಇನ್ನಾ ಅಲ್ಲೇ ಐತಿ."

ಅವನು ಒಂದು ಕಡ್ಡಿ ಮುರಿದ. ಮುರಿದ ತುಂಡನ್ನು ಮತ್ತೆ ಮುರಿದ.

"ಇವತ್ತ ಎಲ್ಲಾರೂ ಬಂದ್ ಮಾಡಿದ್ರ?"

"ಏರೂದು ನಿಲ್ಲತೈತಿ."

"ಇಳಿಯೂದು?"

"ಅದಕ್ಕ ಭಾಳ ಕಾಲ ಬೇಕು."

"ಭಾಳ ಅಂದ್ರ? ನನ್ನ ಹುಡುಗಿ ಲಗ್ನಾ ಆಗೂತನಕಾ?"

ಅವನ ಮಗಳು ಆಗ ಎರಡನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಅವಳ ಮೊಮ್ಮಕ್ಕಳ ಕಾಲಕ್ಕೂ ಮೊದಲಿನ ಮಟ್ಟಕ್ಕೆ ಇಳಿಯುವುದಿಲ್ಲ ಎಂದು ಹೇಗೆ ಹೇಳುವುದು? ಹೇಳಿದೆ. ಇಷ್ಟು ವರ್ಷ ಬೋರ್ಡಿನ ಮುಂದೆ ನಿಂತು ನಿರಾಳವಾಗಿ ಹೇಳಿದ ಮಾತು ಅದು, ಅಂದು ನಾಲಗೆಗೆ ಕಲ್ಲು ಕಟ್ಟಿದಂತಾಯಿತು.

ಅವನು ಎದ್ದು ಕುರಿಗಳ ಕಡೆ ನಡೆದ. ಸ್ವಲ್ಪ ದೂರ ಹೋಗಿ ತಿರುಗಿ ನಿಂತು, "ಅಕ್ಕಾ, ಇದನ್ನ ಆಗ ಯಾಕ ಹೇಳಲಿಲ್ಲ ಅಂತ ನಾ ಕೇಳಂಗಿಲ್ಲ. ನಾನ ಕೇಳಿರಲಿಲ್ಲ," ಎಂದ. ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮೂಡಲಗಿ ಸಂತೆಯಲ್ಲಿ ಕುರಿ ಮಾರಿದ. ನಾನೂ ಹೋಗಿದ್ದೆ. ಅವನ ಹೆಂಡತಿ ಬರಲಿಲ್ಲ. ಇಷ್ಟು ವರ್ಷ ಮಾರು ಮಾರು ಎಂದವಳು ಆ ದಿನ ಬೆಳಗಿನಿಂದ ಬಾಗಿಲು ಹಾಕಿಕೊಂಡು ಮಲಗಿದ್ದಳು. ಕುರಿ ಮಾರುವಾಗ ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ. ಕೈಬಿಡುವ ಮೊದಲು ಅದರ ಬೆನ್ನಿನ ಮೇಲಿನ ನಾಲ್ಕು ಎಳೆ ಉಣ್ಣೆ ಕಿತ್ತುಕೊಂಡು ಕಂಬಳಿಯ ಮೂಲೆಗೆ ಕಟ್ಟಿಕೊಳ್ಳಬೇಕು. ಕುರಿ ಹೋದರೂ ಅದರ ಏಳಿಗೆ ಹಟ್ಟಿಯಲ್ಲೇ ಉಳಿಯಲಿ ಎಂದು. ಅಪ್ಪ ಒಂದೇ ಒಂದು ಮುದಿ ಟಗರು ಮಾರಿದರೂ ಇದನ್ನು ತಪ್ಪಿಸುತ್ತಿರಲಿಲ್ಲ. ಕೊಂಡವನು ಟೆಂಪೋದ ಹಿಂದಿನ ಬಾಗಿಲು ತೆಗೆದು ಕುರಿಗಳನ್ನು ಹತ್ತಿಸತೊಡಗಿದಾಗ, "ಉಣ್ಣಿ ಹರಕೋ," ಎಂದೆ. ತಮ್ಮ ತಲೆ ಅಲ್ಲಾಡಿಸಿದ.

"ಯಾವ ಹಟ್ಟಿಗಿ ಅಕ್ಕಾ?"

ಟೆಂಪೋ ಹೋಯಿತು. ಸಂತೆಯ ಗದ್ದಲದಲ್ಲಿ ಅವನು ಸುಮ್ಮನೆ ನಿಂತಿದ್ದ. ಎಷ್ಟೋ ಹೊತ್ತಿನ ಮೇಲೆ ಕೈಯಲ್ಲಿದ್ದ ಬಡಿಗೆಯನ್ನು ನೋಡಿಕೊಂಡು, ಅದನ್ನು ಯಾರಿಗೆ ಕೊಡಬೇಕೋ ತಿಳಿಯದೆ ನನ್ನ ಕೈಗೆ ಕೊಟ್ಟ. ಬಸ್ಸಿನಲ್ಲಿ ಅದನ್ನು ಹಿಡಿದುಕೊಂಡು ನಾನು ಅಳುತ್ತ ಬಂದೆ. ಕಂಡಕ್ಟರ್ ನನ್ನ ಮುಖ ನೋಡಿ ಟಿಕೇಟು ಹರಿದು ಕೊಟ್ಟು ಚಿಲ್ಲರೆ ಕೇಳದೆ ಮುಂದೆ ಹೋದ.

ಆಮೇಲೆ ಅವನು ಸುಮ್ಮನೆ ಕೂತಿರಲಿಲ್ಲ. ಕೂತು ಉಣ್ಣುವಂತೆಯೂ ಇರಲಿಲ್ಲ. ಕಬ್ಬು ಕಡಿಯಲು ಹೋದ, ಬೆನ್ನು ಹಿಡಿಯಿತು. ಯಾರೋ ಕರೆದರೆಂದು ಗೋಕಾಕ ಫಾಲ್ಸ್ ದಾಟಿದ ಮೇಲಿನ ಒಂದು ಇಟ್ಟಿಗೆ ಸುಡುವ ಭಟ್ಟಿಗೆ ಸೇರಿಕೊಂಡ. ಭಟ್ಟಿಗೆ ಕಲ್ಲಿದ್ದಲು ತುಂಬುವ ಕೆಲಸ. ಪಗಾರ ಸರಿಯಾಗಿ ಬರುತ್ತದೆ ಎಂದು ಅವನ ಹೆಂಡತಿ ಫೋನಿನಲ್ಲಿ ಹೇಳಿದಳು. ಹೇಳುವಾಗ ಅವಳ ದನಿ ಸತ್ತಿತ್ತು.

ಈ ವರ್ಷ ಹವಾಮಾನದ ಪಾಠ ಶುರು ಮಾಡುವ ಹಿಂದಿನ ದಿನ ಅವನನ್ನು ನೋಡಲು ಹೋದೆ. ಅವನನ್ನು ನಾನು ಗುರುತಿಸಲಿಲ್ಲ, ಅವನೇ ನನ್ನನ್ನು ಗುರುತಿಸಿ ಬಂದ. ರೆಪ್ಪೆಯ ಮೇಲೆಲ್ಲ ಕರಿ ಪುಡಿ. ಕಣ್ಣು ಕೆಂಪಗಿದ್ದವು. ಮಾತಾಡುವ ಮೊದಲು ಕೆಮ್ಮಿದ. ಕೈ ತೊಳೆಯಲು ಹೋದವನನ್ನು ತಡೆದು ಹಾಗೇ ಕೈ ಹಿಡಿದುಕೊಂಡೆ. ಲಾರಿಯೊಂದು ಬಂದು ಇನ್ನೂ ಒಂದು ಗುಡ್ಡೆ ಕಲ್ಲಿದ್ದಲು ಸುರಿದು ಹೋಯಿತು. ಚಿಮಣಿಯ ಬಾಯಲ್ಲಿ ದಪ್ಪ ಹೊಗೆ ಎದ್ದು ಹೊಲಗಳ ಮೇಲೆ ವಾಲುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತೆವು.

"ಅಕ್ಕಾ, ನಾಳೆ ಸಾಲ್ಯಾಗ ಗೆರಿ ಹಾಕ್ತೀಯಲಾ? ನಮ್ಮ ದೇಶದ್ದು?"

"ಹೂಂ."

"ಅದರಾಗ ಇದನ್ನೂ ಹಿಡೀತಾರೇನ?"

ಭಟ್ಟಿಯ ಹೊಗೆಯನ್ನೇ ತೋರಿಸಿ ಕೇಳಿದ್ದ. ಹಿಡಿಯುತ್ತಾರೆ ಎಂದೆ. ಸುಟ್ಟ ಕಲ್ಲಿದ್ದಲಿನದೆಲ್ಲ ದೇಶದ ಲೆಕ್ಕಕ್ಕೆ ಸೇರುತ್ತದೆ ಎಂದೆ.

"ನಾ ಕುರಿ ಕಾಯೂವಾಗ?"

"ಆ ಗೆರ್ಯಾಗ ನಿನ್ನ ಹಟ್ಟಿದು ಏನೂ ಇರಲಿಲ್ಲ. ಒಲಿಗಿ ಕಟಗಿ, ನಡ್ಯಾಕ ಕಾಲು. ಏನ ಹಿಡೀಬೇಕು ಅದರಾಗ?"

ಅವನು ನಕ್ಕ. ಕರಿ ಮುಖದಲ್ಲಿ ಹಲ್ಲು ಮಾತ್ರ ಕಂಡವು.

"ಹಂಗಾದ್ರ ಈಗ ನಾನೂ ಲೆಕ್ಕಕ್ಕ ಬಂದ್ನಿ, ಬಿಡು."

ಒಳಗಿನಿಂದ ಯಾರೋ ಅವನನ್ನು ಕೂಗಿದರು. ಅವನು ನನ್ನ ಕೈ ಬಿಡಿಸಿಕೊಂಡು, ಸಲಿಕೆ ಎತ್ತಿಕೊಂಡು, ಕಲ್ಲಿದ್ದಲ ಗುಡ್ಡೆಯ ಕಡೆಗೆ ಹೋದ.